ರಾಗ್ನರಾಕ್‌ನ ನೆರಳಿನಲ್ಲಿ: ನಾರ್ಸ್ ಪುರಾಣ ಮತ್ತು ಹರೆಯದವರ ಅದ್ಭುತ ಕಾದಂಬರಿ

ತನ್ನನ್ನು ನಂಬಿದ ಸಮುದಾಯ ಮರೆಯಾದ ಮೇಲೂ ಪುರಾಣವೊಂದು ಬದುಕಿ ಉಳಿಯುವುದು ಕಥನದ ಬಲದಿಂದ. ಸ್ಕ್ಯಾಂಡಿನೇವಿಯಾದ ನಾರ್ಸ್ ಪುರಾಣ ಇದಕ್ಕೆ ಉತ್ತಮ ನಿದರ್ಶನ. ಐಸ್‌ಲೆಂಡ್ ಕ್ರಿ.ಶ. 1000ದ ಸುಮಾರಿಗೆ ಕ್ರೈಸ್ತಧರ್ಮವನ್ನು ಸ್ವೀಕರಿಸಿತು. ಅಲ್ಲಿನ ಕವಿ ಸ್ನೋರಿ ಸ್ಟರ್ಲುಸನ್ ಗದ್ಯ ‘ಎಡ್ಡಾ’ವನ್ನು ರಚಿಸಿದ್ದು ಅದಾದ ಎರಡು ಶತಮಾನಗಳ ನಂತರ, 1220ರ ಆಸುಪಾಸಿನಲ್ಲಿ. ಹಳೆಯ ದೇವತೆಗಳ ಕಥೆ ತಿಳಿಯದಿದ್ದರೆ ಹಳೆಯ ಕಾವ್ಯದ ಪರಿಭಾಷೆಯೇ ಹೊಸ ಕವಿಗಳಿಗೆ ಅರ್ಥವಾಗದು ಎಂಬ ಕಾಳಜಿ ಆ ಕ್ರೈಸ್ತ ವಿದ್ವಾಂಸನದು. ಎಡ್ಡಾ ಕಾವ್ಯಗಳ ಮುಖ್ಯ ಹಸ್ತಪ್ರತಿಯಾದ ‘ಕೋಡೆಕ್ಸ್ ರೀಜಿಯಸ್’ ಕೂಡ 13ನೆಯ ಶತಮಾನದ ಉತ್ತರಾರ್ಧದ್ದು. ಬಹುಕಾಲ ಡೆನ್ಮಾರ್ಕಿನಲ್ಲಿದ್ದ ಅದು 1971ರಲ್ಲಿ ಐಸ್‌ಲೆಂಡಿಗೆ ಮರಳಿತು.

ಈ ಪುರಾಣದ ವೈಶಿಷ್ಟ್ಯವಿರುವುದು ಅದರ ಅಂತ್ಯದ ಕಲ್ಪನೆಯಲ್ಲಿ. ‘ರಾಗ್ನರಾಕ್’ ಎಂಬ ಕೊನೆಯ ಯುದ್ಧದಲ್ಲಿ ಓಡಿನ್ ತೋಳಕ್ಕೆ ಬಲಿಯಾಗುತ್ತಾನೆ; ಥಾರ್ ಮಹಾಸರ್ಪವನ್ನು ಕೊಂದು ಅದರ ವಿಷದಿಂದ ತಾನೂ ಸಾಯುತ್ತಾನೆ. ಕಡಲಿನಿಂದ ಹೊಸ ಭೂಮಿ ಮೇಲೇಳುವುದು ನಿಜ. ಆದರೆ ಹಳೆಯ ಲೋಕಕ್ಕೆ ಬಿಡುಗಡೆಯಿಲ್ಲ. ದೇವತೆಗಳಿಗೆ ಇದೆಲ್ಲ ಮೊದಲೇ ತಿಳಿದಿದೆ. ಆದರೂ ಅವರು ಹೋರಾಟದಿಂದ ಹಿಂಜರಿಯುವುದಿಲ್ಲ. ಮುಗಿವು ನಿಶ್ಚಿತವೆಂದು ಬಲ್ಲವನು ಹೇಗೆ ಬದುಕಬೇಕು ಎಂಬ ಈ ಪ್ರಶ್ನೆಯೇ ಹರೆಯದ ಓದುಗರಿಗಾಗಿ ಬರೆಯುವ ಲೇಖಕರನ್ನು ನಾರ್ಸ್ ಪುರಾಣದತ್ತ ಸೆಳೆದಿದೆ ಎನ್ನಬಹುದು. ಸಾವು, ಅನ್ಯಾಯ, ಹಿರಿಯರ ದೌರ್ಬಲ್ಯ ಇವು ಮೊದಲ ಬಾರಿಗೆ ಸ್ಪಷ್ಟವಾಗಿ ಗೋಚರಿಸುವ ವಯಸ್ಸು ಅದು.

ಡಯಾನಾ ವಿನ್ ಜೋನ್ಸ್ ಅವರ ‘ಏಯ್ಟ್ ಡೇಸ್ ಆಫ್ ಲ್ಯೂಕ್’ (1975) ಈ ಬಗೆಯ ಕಾದಂಬರಿಗಳಲ್ಲಿ ಗಮನಾರ್ಹವಾದುದು. ಬಂಧುಗಳ ತಾತ್ಸಾರಕ್ಕೆ ಗುರಿಯಾದ ಡೇವಿಡ್ ಎಂಬ ಹುಡುಗ ಸಿಟ್ಟಿನಲ್ಲಿ ಏನೋ ಶಾಪದ ನುಡಿಗಳನ್ನು ಕಟ್ಟಿ ಆಡುತ್ತಾನೆ. ಅದರಿಂದ ಸೆರೆಯಲ್ಲಿದ್ದ ಲೋಕಿಗೆ ಬಿಡುಗಡೆಯಾಗುತ್ತದೆ. ಬಳಿಕ ದಿನಕ್ಕೊಬ್ಬರಂತೆ ದೇವತೆಗಳು ಅವನನ್ನು ಹುಡುಕಿ ಬರುತ್ತಾರೆ. ಇಂಗ್ಲಿಷಿನಲ್ಲಿ ಮಂಗಳ, ಬುಧ, ಗುರುವಾರಗಳ ಹೆಸರುಗಳೊಳಗೆ ತ್ಯೂರ್, ಓಡಿನ್, ಥಾರ್ ಅಡಗಿರುವ ಸಂಗತಿಯನ್ನೇ ಲೇಖಕಿ ಕಥೆಯ ಚೌಕಟ್ಟಾಗಿಸಿದ್ದಾರೆ. ನಿತ್ಯದ ಮಾತಿನಲ್ಲಿಯೇ ಪುರಾಣ ಉಸಿರಾಡುತ್ತಿದೆ ಎಂಬ ಅರಿವು ಇಲ್ಲಿ ಓದುಗನಿಗೆ ದೊರೆಯುತ್ತದೆ.

ಜೋಆನ್ ಹ್ಯಾರಿಸ್ ಅವರ ‘ರೂನ್‌ಮಾರ್ಕ್ಸ್’ (2007) ರಾಗ್ನರಾಕ್ ಕಳೆದು ಐನೂರು ವರ್ಷಗಳಾದ ಮೇಲಿನ ಕಥೆ. ಮಾಂತ್ರಿಕತೆಯನ್ನು ನಿಷೇಧಿಸಿ ಕಲ್ಪನೆಯನ್ನೇ ಸಂಶಯದಿಂದ ಕಾಣುವ ವ್ಯವಸ್ಥೆಯೊಂದರಲ್ಲಿ, ಕೈಮೇಲೆ ರೂನ್ ಗುರುತು ಹೊತ್ತು ಹುಟ್ಟಿದ ಮ್ಯಾಡಿ ಎಂಬ ಬಾಲಕಿ ಬೆಳೆಯುತ್ತಾಳೆ. ನೀಲ್ ಗೇಮನ್ ಅವರ ‘ಆಡ್ ಅಂಡ್ ದ ಫ್ರಾಸ್ಟ್ ಜೈಂಟ್ಸ್’ (2008) ಕೃತಿಯ ನಾಯಕ ಕಾಲು ಊನವಾದ ಹುಡುಗ. ದೇವತೆಗಳ ನಗರವನ್ನು ಗೆದ್ದರೂ ಸುಖ ಕಾಣದ ಹಿಮದೈತ್ಯನನ್ನು ಅವನು ಆಯುಧದಿಂದಲ್ಲ, ಮಾತಿನಿಂದ ಒಲಿಸಿ ಊರಿಗೆ ಕಳುಹಿಸುತ್ತಾನೆ.

ರಿಕ್ ರಿಯೋರ್ಡನ್ ಅವರ ‘ಮ್ಯಾಗ್ನಸ್ ಚೇಸ್’ ಕಾದಂಬರಿತ್ರಯ (2015–2017) ಈ ಪ್ರವೃತ್ತಿಯನ್ನು ಮತ್ತಷ್ಟು ವಿಸ್ತರಿಸುತ್ತದೆ. ಬಾಸ್ಟನ್ ನಗರದ ಬೀದಿಗಳಲ್ಲಿ ನೆಲೆಯಿಲ್ಲದೆ ಬದುಕುವ ಮ್ಯಾಗ್ನಸ್ ಕಥೆಯ ಆರಂಭದಲ್ಲಿಯೇ ಸತ್ತು ವಾಲ್‌ಹಲ್ಲಾ ಸೇರುತ್ತಾನೆ. ಇಲ್ಲಿ ರಾಗ್ನರಾಕ್ ಅನ್ನು ತಪ್ಪಿಸಲು ಸಾಧ್ಯವಿಲ್ಲ, ಮುಂದೂಡಲು ಮಾತ್ರ ಸಾಧ್ಯ. ಎಡ್ಡಾದ ‘ಲೋಕಸೆನ್ನಾ’ ಕಾವ್ಯದಲ್ಲಿ ಲೋಕಿ ದೇವತೆಗಳನ್ನೆಲ್ಲ ಹೀಯಾಳಿಸುತ್ತಾನೆ. ಅದೇ ಬಗೆಯ ನಿಂದಾಸ್ಪರ್ಧೆಯಲ್ಲಿ ಮ್ಯಾಗ್ನಸ್ ಬೈಗುಳವನ್ನು ಕೈಬಿಟ್ಟು ತನ್ನ ಗೆಳೆಯರ ಗುಣಗಳನ್ನು ಹೊಗಳಿ ಲೋಕಿಯನ್ನು ಸೋಲಿಸುತ್ತಾನೆ. ಮೂಲದ ರೂಪವನ್ನು ಉಳಿಸಿಕೊಂಡು ಅದರ ಮೌಲ್ಯವನ್ನು ತಿರುಗಿಸುವ ಈ ಕ್ರಮ ವಿಶೇಷ ಗಮನಕ್ಕೆ ಅರ್ಹ.

ಈ ಮರುಕಥನಗಳಿಗೆ ಚಾರಿತ್ರಿಕ ಮಹತ್ವವೂ ಉಂಟು. 20ನೆಯ ಶತಮಾನದಲ್ಲಿ ನಾಜಿಗಳು ರೂನ್ ಲಿಪಿಯನ್ನೂ ಉತ್ತರದ ಪುರಾಣವನ್ನೂ ಜನಾಂಗಶ್ರೇಷ್ಠತೆಯ ಲಾಂಛನವಾಗಿಸಿಕೊಂಡರು, ಎಸ್.ಎಸ್. ಪಡೆಯ ಚಿಹ್ನೆಯೇ ಇದಕ್ಕೆ ಸಾಕ್ಷಿ. ಅದೇ ಪುರಾಣಲೋಕದಲ್ಲಿ ರಿಯೋರ್ಡನ್ ಸಮೀರಾ ಎಂಬ ಮುಸ್ಲಿಂ ವಾಲ್ಕಿರಿಯನ್ನೂ, ಕಿವಿ ಕೇಳದೆ ಕೈಸನ್ನೆಯಲ್ಲಿ ಮಾತನಾಡುವ ಹಾರ್ತ್‌ಸ್ಟೋನನ್ನೂ, ಹೆಣ್ಣು-ಗಂಡೆಂಬ ಗೆರೆಗೆ ಸಿಲುಕದ ಅಲೆಕ್ಸ್‌ನನ್ನೂ ನಿಲ್ಲಿಸುತ್ತಾರೆ. ಮಾಲಿಕೆಯ ಎರಡನೆಯ ಕೃತಿಗೆ 2017ರಲ್ಲಿ ಅಮೆರಿಕದ ಸ್ಟೋನ್‌ವಾಲ್ ಪುರಸ್ಕಾರ ದೊರೆಯಿತು. ಪುರಾಣ ಯಾರ ಸ್ವತ್ತು ಎಂಬ ಪ್ರಶ್ನೆಗೆ ಇದೊಂದು ಸೃಜನಶೀಲ ಉತ್ತರ.

ಪಾಂಡಿತ್ಯದ ದೃಷ್ಟಿಯಿಂದ ಇಂಥ ಕೃತಿಗಳಲ್ಲಿ ಕೊರತೆಗಳಿಲ್ಲದಿಲ್ಲ. ಹಾಸ್ಯದ ಭರದಲ್ಲಿ ಮೂಲದ ಗಾಂಭೀರ್ಯ ಕೆಲವೆಡೆ ತೆಳುವಾಗಿದೆ. ಆದರೆ ಸ್ನೋರಿಯೂ ಮಾಡಿದ್ದು ಮರುಕಥನವನ್ನೇ. ತನ್ನದಲ್ಲದ ನಂಬಿಕೆಯ ಕಥೆಗಳನ್ನು ಆತ ಮುಂದಿನ ತಲೆಮಾರಿಗೆಂದು ಬರೆದಿಟ್ಟ. ಅಂತ್ಯವನ್ನು ತಡೆಯಲಾಗದಿದ್ದರೂ ಒಂದು ದಿನದ ಮಟ್ಟಿಗೆ ಮುಂದೂಡುವುದು ಅರ್ಥಪೂರ್ಣ ಎಂಬ ಭರವಸೆಯನ್ನು ಎಳೆಯರಿಗೆ ನೀಡುವ ಮೂಲಕ ಈ ಕಾದಂಬರಿಗಳು ಆ ಕಾರ್ಯವನ್ನೇ ಮುಂದುವರಿಸಿವೆ.