ಮೊಟ್ಟೆಯ ಬಿಳಿಭಾಗದಿಂದ ರಕ್ತಪರೀಕ್ಷೆಯವರೆಗೆ

ಬೇಯಿಸದೆ ಒಣಗಿಸಿದ ಮೊಟ್ಟೆಯ ಬಿಳಿಭಾಗವನ್ನು ತಿಂದು ಬೆಳೆದ ಇಲಿಗಳ ರೋಮ ಉದುರಿ, ಚರ್ಮ ಕೆಡುತ್ತದೆಂದು 1927ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಮಾರ್ಗರೆಟ್ ಬೋಆಸ್ ವರದಿ ಮಾಡಿದರು. ಮೊಟ್ಟೆಯಲ್ಲಿ ವಿಷವೇನೂ ಇರಲಿಲ್ಲ. ಅದರಲ್ಲಿರುವ ಅವಿಡಿನ್ ಎಂಬ ಪ್ರೋಟೀನು, ಬಯೋಟಿನ್ ಎಂಬ ವಿಟಮಿನ್ನನ್ನು ಬಿಗಿಯಾಗಿ ಹಿಡಿದು ದೇಹಕ್ಕೆ ದಕ್ಕದಂತೆ ಮಾಡುತ್ತಿತ್ತೆಂದು ಮುಂದೆ ತಿಳಿಯಿತು. ಬೇಯಿಸಿದ ಮೊಟ್ಟೆಯಲ್ಲಿ ಅವಿಡಿನ್ನಿಗೆ ಆ ಹಿಡಿತ ಉಳಿಯುವುದಿಲ್ಲ.

1964ರಲ್ಲಿ ಇಂತಹದೇ ಇನ್ನೊಂದು ಪ್ರೋಟೀನು ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾದಲ್ಲಿ ದೊರೆಯಿತು. ಅದೇ ಸ್ಟ್ರೆಪ್ಟಾವಿಡಿನ್. ಅದರ ಒಂದು ಅಣು ನಾಲ್ಕು ಬಯೋಟಿನ್ ಅಣುಗಳನ್ನು ಹಿಡಿಯಬಲ್ಲದು; ಹಿಡಿದುದನ್ನು ಸುಲಭವಾಗಿ ಬಿಡದು. ಅವಿಡಿನ್ನಿನಲ್ಲಿ ಸಕ್ಕರೆಯ ಸರಪಣಿಗಳಿರುವುದರಿಂದ ಅದು ಸಂಬಂಧವಿಲ್ಲದ ಕೋಶಗಳಿಗೂ ಅಂಟಿಕೊಳ್ಳುತ್ತದೆ. ಸ್ಟ್ರೆಪ್ಟಾವಿಡಿನ್ನಿಗೆ ಆ ಸರಪಣಿಗಳಿಲ್ಲ. ಪ್ರಯೋಗಾಲಯಗಳು ಅದನ್ನು ಮೆಚ್ಚಿದ್ದು ಇದಕ್ಕಾಗಿಯೇ.

ಫ್ಲೋ ಸೈಟೊಮೀಟರ್ ಎಂಬ ಯಂತ್ರದಲ್ಲಿ ರಕ್ತದ ಕೋಶಗಳು ಒಂದರ ಹಿಂದೊಂದು ಸಾಲಾಗಿ ಲೇಸರ್ ಕಿರಣದ ಮುಂದೆ ಹಾದುಹೋಗುತ್ತವೆ. ರಕ್ತ ಕ್ಯಾನ್ಸರಿನ ಬಗೆಯನ್ನು ಗುರುತಿಸುವುದಕ್ಕೂ, ಎಚ್‌ಐವಿ ಸೋಂಕಿತರ ಸಿಡಿ4 ಕೋಶಗಳನ್ನು ಎಣಿಸುವುದಕ್ಕೂ ಇದು ನೆರವಾಗುತ್ತದೆ. ಆದರೆ ನೋಟಕ್ಕೆ ಒಂದೇ ತೆರನಾದ ಕೋಶಗಳಲ್ಲಿ ಬೇಕಾದುದನ್ನು ಗುರುತಿಸುವ ಬಗೆಯೆಂತು? ಆ ಕೋಶದ ಮೈಮೇಲಿನ ಗುರುತಿಗೆ ಮಾತ್ರ ಅಂಟುವ ಪ್ರತಿಕಾಯಕ್ಕೆ ಮೊದಲು ಬಯೋಟಿನ್ ಜೋಡಿಸುತ್ತಾರೆ. ಬಯೋಟಿನ್ ತೀರ ಚಿಕ್ಕ ಅಣುವಾದುದರಿಂದ ಪ್ರತಿಕಾಯದ ಕೆಲಸ ಸಾಮಾನ್ಯವಾಗಿ ಕೆಡುವುದಿಲ್ಲ. ಉಳಿದ ಪ್ರತಿಕಾಯವನ್ನು ತೊಳೆದು, ಹೊಳೆಯುವ ಬಣ್ಣ ಹೊತ್ತ ಸ್ಟ್ರೆಪ್ಟಾವಿಡಿನ್ ಸೇರಿಸುತ್ತಾರೆ. ಕೆಂಪು ಪಾಚಿಯಿಂದ ಪಡೆದ ಫೈಕೊಎರಿಥ್ರಿನ್ ಅಂತಹ ಬಣ್ಣಗಳಲ್ಲೊಂದು. 488 ನ್ಯಾನೊಮೀಟರಿನ ನೀಲಿ ಲೇಸರ್ ತಗಲಿದೊಡನೆ ಅದು ಕಿತ್ತಳೆ-ಹಳದಿ ಬೆಳಕನ್ನು ಬೀರುತ್ತದೆ.

ಹೋಲ್ಡರು ಒಂದೇ ಇದ್ದರೂ ಬೇಕಾದ ಬಣ್ಣದ ಬಲ್ಬನ್ನು ಹಾಕಿಕೊಳ್ಳುವಂತಹ ಅನುಕೂಲವಿದು. ಮಿತಿಯೂ ಅಲ್ಲಿಯೇ ಇದೆ: ಒಂದೇ ನಳಿಕೆಯಲ್ಲಿ ಬಯೋಟಿನ್ ಹೊತ್ತ ಎರಡು ಬಗೆಯ ಪ್ರತಿಕಾಯಗಳಿದ್ದರೆ ಸ್ಟ್ರೆಪ್ಟಾವಿಡಿನ್ ಅವುಗಳನ್ನು ಬೇರ್ಪಡಿಸಿ ನೋಡಲಾರದು. ಕೋಶಗಳನ್ನು ಬೆಳೆಸುವ ಆರ್‌ಪಿಎಂಐ 1640 ದ್ರವದಲ್ಲಿ ಬಯೋಟಿನ್ ಇರುವುದರಿಂದ ಅದನ್ನು ಚೆನ್ನಾಗಿ ತೊಳೆಯದಿದ್ದರೂ ಮೋಸವೇ. ಬಿಡಿ ಬಯೋಟಿನ್ ಮೊದಲೇ ಹಿಡಿಕೆಗಳನ್ನು ತುಂಬಿಬಿಡುತ್ತದೆ, ಕೋಶಗಳು ಮಂಕಾಗಿ ಕಾಣುತ್ತವೆ.

ಈ ತೊಡಕು ಪ್ರಯೋಗಾಲಯಕ್ಕೆ ಸೀಮಿತವಲ್ಲ. ಆಸ್ಪತ್ರೆಗಳ ಹಲವು ಹಾರ್ಮೋನು ಪರೀಕ್ಷೆಗಳಲ್ಲಿಯೂ ಇದೇ ಜೋಡಿ ಕೆಲಸಮಾಡುತ್ತದೆ. ವಯಸ್ಕರಿಗೆ ದಿನಕ್ಕೆ 30 ಮೈಕ್ರೊಗ್ರಾಂ ಬಯೋಟಿನ್ ಸಾಕು; ಕೂದಲು ಬೆಳೆಯಲೆಂದು ಮಾರುವ ಮಾತ್ರೆಗಳಲ್ಲಿ 5 ಅಥವಾ 10 ಮಿಲಿಗ್ರಾಂ, ಅಂದರೆ ನೂರಾರು ಪಟ್ಟು ಇರುವುದುಂಟು. ಅವುಗಳನ್ನು ನುಂಗಿ ರಕ್ತ ಕೊಟ್ಟರೆ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಫಲಿತಾಂಶ ಇಲ್ಲದ ರೋಗವನ್ನು ತೋರಿಸಬಹುದು. ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೊಪೊನಿನ್ ಪ್ರಮಾಣ ತಪ್ಪಾಗಿ ಕಡಿಮೆ ಕಾಣಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಎಚ್ಚರಿಕೆ ಹೊರಡಿಸಿದಾಗ, ಇಂತಹ ತಪ್ಪು ಟ್ರೊಪೊನಿನ್ ಫಲಿತಾಂಶ ಬಂದ ರೋಗಿಯೊಬ್ಬರ ಸಾವನ್ನೂ ಉಲ್ಲೇಖಿಸಿತ್ತು.

ಮಾತ್ರೆಯ ಚೀಟಿಯಲ್ಲಿ ‘ಬಯೋಟಿನ್’, ‘ವಿಟಮಿನ್ ಬಿ7’ ಅಥವಾ ‘ವಿಟಮಿನ್ ಎಚ್’ ಎಂದಿದ್ದರೆ ರಕ್ತ ಕೊಡುವ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಮೂರೂ ಒಂದೇ ವಸ್ತುವಿನ ಹೆಸರುಗಳು.