ಬೆಳತನಕ ಕೂತು ನೋಡುವವರು

ಯಾದಗಿರಿ, ಶಹಾಪುರ, ಸುರಪುರ ಕಡೆಯ ಜಾತ್ರೆಗಳಲ್ಲಿ ಹಂಚುವ ನಾಟಕದ ಕರಪತ್ರದಲ್ಲಿ ಆಟ ಶುರುವಾಗುವ ಹೊತ್ತು ಅಚ್ಚಾಗಿರುತ್ತದೆ, ಮುಗಿಯುವ ಹೊತ್ತು ಇರುವುದಿಲ್ಲ. ಮೇಲೆ ಊರ ದೇವರ ಪ್ರಸನ್ನ, ಕೆಳಗೆ ಎರಡು ಹೆಸರು ಕೂಡಿಸಿದ ನಾಟಕದ ಶೀರ್ಷಿಕೆ, ನಡುವೆ ‘ಅರ್ಥಾತ್’. ಆಮೇಲೆ ಕವಿಗಳ ಹೆಸರು, ಹಾರ್ಮೋನಿಯಂ ಮಾಸ್ತರರ ಹೆಸರು, ತಬಲಾದವರ ಹೆಸರು, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಹೆಸರು ಮತ್ತು ಅವರವರ ಊರು. ‘ರಾತ್ರಿ 10-30ಕ್ಕೆ ಸರಿಯಾಗಿ’ ಎಂಬಲ್ಲಿಗೆ ಹೊತ್ತಿನ ಮಾತು ಮುಗಿಯಿತು. ಎಷ್ಟೊತ್ತಿನ ತನಕ ಎಂದು ಪರಸ್ಥಳದವರು ಕೇಳಿದರೆ ‘ಬೆಳತನ ಅದ’ ಎಂಬ ಉತ್ತರ ಬರುತ್ತದೆ.

ಲಂಡನ್ನಿನಲ್ಲಿ 2016ರಲ್ಲಿ ಹ್ಯಾರಿ ಪಾಟರ್ ಕಥೆಯ ಮುಂದುವರಿಕೆಯನ್ನು ಎರಡು ಭಾಗದ ನಾಟಕವಾಗಿ ಆಡಿದಾಗ ಅದೊಂದು ಸುದ್ದಿಯಾಯಿತು. ಮಧ್ಯಾಹ್ನ ಒಂದು ಭಾಗ, ನಡುವೆ ಊಟ, ಸಂಜೆ ಮತ್ತೊಂದು ಭಾಗ. ಒಂದೇ ಕಥೆಗೆ ಒಂದು ಇಡೀ ದಿನ ಕೊಡಲು ಜನ ತಯಾರಿದ್ದಾರೆ ಎಂಬುದೇ ಅಲ್ಲಿಯವರಿಗೆ ಬೆರಗು. ಭೀಮಾ ಮತ್ತು ಕೃಷ್ಣೆಯ ದಂಡೆಯ ಈ ಸೀಮೆಯಲ್ಲಿ ಇಡೀ ರಾತ್ರಿ ಕೊಡುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ಹಾಗೆ ಕೂರಬಲ್ಲ ಪ್ರೇಕ್ಷಕ ಇಲ್ಲಿ ಹೇಗೆ ತಯಾರಾದ ಎಂಬುದು ಆಟಗಾರರ ಚರಿತ್ರೆಯಷ್ಟೇ ದೊಡ್ಡ ಚರಿತ್ರೆ ಎಂದು ನನ್ನ ನಂಬಿಕೆ. ಆಟಗಾರರ ಬಗ್ಗೆ ಅಷ್ಟಿಷ್ಟು ಬರೆದಿದ್ದೇವೆ, ಕೌದಿ ಹೊದ್ದು ಕೂತವರ ಬಗ್ಗೆ ಬರೆದದ್ದು ಕಡಿಮೆ.

ಮೊದಲ ಪಾಠ ದೊಡ್ಡಾಟದ್ದು. ಇಲ್ಲಿ ಬಯಲಾಟ ಎಂದರೂ ಅದೇ. ಅಟ್ಟ ಕಟ್ಟಿ, ಹಿಮ್ಮೇಳ ಕೂಡಿಸಿ, ಗಣಪತಿ ಸ್ತುತಿ, ಶಾರದೆಯ ಸ್ತುತಿ ಮುಗಿಸುವ ಹೊತ್ತಿಗೆ ಊರಿನ ಊಟ ಮುಗಿದಿರುತ್ತದೆ. ಆಮೇಲೆ ಒಂದೊಂದೇ ಪಾತ್ರ ತೆರೆಯ ಹಿಂದೆ ಬಂದು ನಿಲ್ಲುತ್ತದೆ. ಮೊದಲು ಕಾಣುವುದು ಕಿರೀಟದ ತುದಿ, ತೆರೆಯ ಕೆಳಗೆ ಗೆಜ್ಜೆಯ ಕಾಲು. ತೆರೆ ಸರಿದ ಮೇಲೆ ಭುಜಕೀರ್ತಿ, ಎದೆಹಲಗೆಗಳ ಭಾರ ಹೊತ್ತು ಅಟ್ಟದ ಹಲಗೆ ಅದುರುವಂತೆ ಕುಣಿತ. ಕುಣಿತ ನಿಂತಿತೋ ಇಲ್ಲವೋ, ಸಾರಥಿ ಅಡ್ಡ ಬಂದು ನೀನು ಯಾರು, ಯಾವ ದೇಶದವನು, ತಂದೆ ಯಾರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಜನಾಗಲಿ ರಾಕ್ಷಸನಾಗಲಿ ಊರ ಜನರ ಎದುರು ತನ್ನ ಪೂರ್ವಾಪರ ಒಪ್ಪಿಸಿಯೇ ಮುಂದೆ ಹೋಗಬೇಕು. ಒಬ್ಬೊಬ್ಬರ ಪರಿಚಯಕ್ಕೆ ಇಪ್ಪತ್ತು ನಿಮಿಷ, ಅರ್ಧ ಗಂಟೆ ಹಿಡಿದರೂ ಯಾರೂ ಗೊಣಗುವುದಿಲ್ಲ.

ಹೀಗಾಗಿ ರಾತ್ರಿ ತಾನಾಗಿ ಎರಡು ಭಾಗವಾಗುತ್ತದೆ. ನಡುರಾತ್ರಿಯ ತನಕದ್ದು ಪಾತ್ರಗಳ ಗುರುತು ಹಿಡಿಯುವ ಭಾಗ, ಆಮೇಲಿನದ್ದು ಯುದ್ಧ, ಅಗಲಿಕೆ, ಸಾವುಗಳ ಭಾಗ. ಮೊದಲ ಭಾಗದಲ್ಲಿ ಮಾತಾಡಬಹುದು, ಎದ್ದುಹೋಗಿ ಚಹಾ ಕುಡಿಯಬಹುದು, ಪಕ್ಕದೂರಿನಿಂದ ಬಂದ ಬೀಗರನ್ನು ವಿಚಾರಿಸಬಹುದು. ಎರಡನೆಯ ಭಾಗಕ್ಕೆ ಬಯಲು ತಾನಾಗಿ ಬಿಗಿಯಾಗುತ್ತದೆ. ತೂಕಡಿಸುತ್ತಿದ್ದವರನ್ನು ಪಕ್ಕದವರು ತಟ್ಟಿ ಎಬ್ಬಿಸುತ್ತಾರೆ. ತೊಡೆಯ ಮೇಲೆ ಮಲಗಿದ್ದ ಮಕ್ಕಳನ್ನು ಬಣ್ಣದ ವೇಷ ಬಂತೆಂದು ತಾಯಂದಿರು ಕೂರಿಸುತ್ತಾರೆ. ಅರೆನಿದ್ದೆಯ ಕಣ್ಣಿಗೆ ಬಿದ್ದ ಆ ರಾಕ್ಷಸ ಮಗುವಿನ ತಲೆಯಲ್ಲಿ ಜನ್ಮವಿಡೀ ಉಳಿಯುತ್ತಾನೆ. ನಿದ್ದೆಯನ್ನೂ ಸೇರಿಸಿಕೊಂಡೇ ಆಟ ನೋಡುವುದು ಇಲ್ಲಿನ ಕ್ರಮ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ನಡುವೆ ಒಂದು ಜೊಂಪು ಹತ್ತಿದರೂ ಎಳೆ ತಪ್ಪುವುದಿಲ್ಲ.

ರಾತ್ರಿಯಿಡೀ ಯಾಕೆ ಎಂಬುದಕ್ಕೆ ಉತ್ತರ ಕಲೆಯ ಪುಸ್ತಕಕ್ಕಿಂತ ಹೊಲದಲ್ಲಿ, ದಾರಿಯಲ್ಲಿ ಸಿಗುತ್ತದೆ. ಬಿಳಿಜೋಳದ ಸೀಮೆಯಿದು. ಹಿಂಗಾರಿ ಜೋಳ ಕೊಯ್ದು, ರಾಶಿ ಮಾಡಿ, ಕಾಳು ಮನೆ ಸೇರಿದರೆ ಮುಂದೆ ಮಿರಗದ ಮಳೆ ಬೀಳುವ ತನಕ ಹೊಲಕ್ಕೂ ಮನುಷ್ಯನಿಗೂ ಬಿಡುವು. ಹಗಲಿನ ಬಿಸಿಲು ಯಾರನ್ನೂ ಹೊರಗೆ ನಿಲ್ಲಗೊಡದು, ಆದ್ದರಿಂದ ಸಂಭ್ರಮಕ್ಕೆ ಉಳಿದದ್ದು ರಾತ್ರಿಯೇ. ಸುತ್ತಲ ಹಳ್ಳಿಗಳಿಂದ ಚಕ್ಕಡಿ ಹೂಡಿಕೊಂಡು ಬಂದವರು ನಡುರಾತ್ರಿ ಆಟ ಮುಗಿಸಿದರೆ ಎಲ್ಲಿಗೆ ಹೋಗಬೇಕು? ಹಳ್ಳ, ಕಲ್ಲುಗುಡ್ಡ, ಬೆಳಕಿಲ್ಲದ ದಾರಿ. ಎತ್ತು ಹೂಡಿಕೊಂಡು ಹೊರಡಲು ಬೆಳಕು ಹರಿಯಬೇಕಿತ್ತು, ಅಲ್ಲಿಯ ತನಕ ಆಟವೂ ನಡೆಯಬೇಕಿತ್ತು.

ಎಚ್ಚರ ಇರುವ ರೂಢಿಯಂತೂ ಇಲ್ಲಿ ಬರೀ ಆಟದ್ದಲ್ಲ. ಮೊಹರಮ್ಮಿನ ಕತಲ್ ರಾತ್ರಿಯಲ್ಲಿ ಅಲಾವಿಯ ಸುತ್ತ ರಿವಾಯತ್ ಪದ ಹಾಡುತ್ತ ಹಿಂದೂ ಮುಸ್ಲಿಮರೆನ್ನದೆ ಊರೇ ಎದ್ದಿರುತ್ತದೆ. ಶಿವರಾತ್ರಿಯ ಜಾಗರಣೆ, ಏಕತಾರಿ ಹಿಡಿದ ತತ್ವಪದದ ಭಜನೆ ಬೇರೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯ, ಶಹಾಪುರದ ಚರಬಸವೇಶ್ವರ, ಕೃಷ್ಣೆಯ ದಂಡೆಯ ತಿಂಥಣಿ ಮೌನಪ್ಪಯ್ಯ, ಅಬ್ಬೆತುಮಕೂರಿನ ವಿಶ್ವಾರಾಧ್ಯರು, ಗೋಗಿಯ ಉರುಸು: ವರ್ಷದ ಲೆಕ್ಕದಲ್ಲಿ ಇಂಥ ಎಷ್ಟೋ ರಾತ್ರಿಗಳು. ಒಬ್ಬ ಹುಡುಗ ಹತ್ತು ವರ್ಷ ತುಂಬುವುದರೊಳಗೆ ಬೆಳತನಕ ಕೂರುವ ವಿದ್ಯೆಯನ್ನು ಯಾರೂ ಕಲಿಸದೆ ಕಲಿತಿರುತ್ತಾನೆ.

ಇನ್ನೊಂದು ಕಾರಣವನ್ನು ನಾವು ಮರೆಯಬಾರದು. 1948ರ ಸೆಪ್ಟೆಂಬರ್ ತನಕ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆ ಉರ್ದು. ಸಭೆ ಸೇರಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಓದು ಬಾರದ ರೈತನ ಕಿವಿಗೆ ಭಾರಿ ಕನ್ನಡ ಬೀಳುತ್ತಿದ್ದುದು ಅಟ್ಟದ ಮೇಲಿನಿಂದಲೇ. ದ್ವಿಪದಿ, ಕಂದ, ಭಾಮಿನಿ, ಸಂಸ್ಕೃತ ತುಂಬಿದ ರಾಜರ ಮಾತು, ಅದರ ಬೆನ್ನಿಗೇ ಸಾರಥಿಯ ಅಪ್ಪಟ ಹಳ್ಳಿ ಮಾತು, ಎರಡನ್ನೂ ಒಂದೇ ರಾತ್ರಿಯಲ್ಲಿ ಕೇಳಬಹುದಿತ್ತು. ತಾಲೀಮಿನ ತಿಂಗಳುಗಳಲ್ಲಿ ಅಕ್ಷರ ಬಾರದವರು ಮಾಸ್ತರರ ಬಾಯಿಂದ ಕೇಳಿ ನೂರಾರು ಪದ ಬಾಯಿಪಾಠ ಮಾಡುತ್ತಿದ್ದರು. ನೋಡುವವರಿಗೂ ಅರ್ಧಕ್ಕರ್ಧ ಬಾಯಿಪಾಠ. ಪಾತ್ರಧಾರಿ ತಡವರಿಸಿದರೆ ಮುಂದಿನ ಸಾಲು ಕೂತವರ ಕಡೆಯಿಂದ ಬರುತ್ತಿತ್ತು.

ಆಮೇಲೆ ಕಂಪನಿ ನಾಟಕ ಬಂತು. ಜಾತ್ರೆಯ ಬಯಲಲ್ಲಿ ತಗಡಿನ ಥಿಯೇಟರು, ಪರದೆಗಳು, ಟಿಕೆಟ್ಟು, ಘಂಟೆ. ಕಂಪನಿಗಳನ್ನು ನೋಡಿ ಹಳ್ಳಿಯ ಹುಡುಗರು ತಾವೂ ಸಾಮಾಜಿಕ ನಾಟಕ ಕಟ್ಟತೊಡಗಿದರು. ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ ನಾಟಕಗಳು ಊರೂರು ತಲುಪಿದವು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಸಿನಿಮಾ ಆಗುವ ಮೊದಲೇ ರಂಗದ ಮೇಲೆ ಹೆಸರು ಮಾಡಿತ್ತು. ಸುರಪುರ ಸೀಮೆಯವರೇ ಆದ ಎಲ್.ಬಿ.ಕೆ. ಆಲ್ದಾಳರು ಹಳ್ಳಿಯ ತಂಡಗಳಿಗೆಂದೇ ಬರೆದ ಕವಿ. ಹುಟ್ಟಿನಿಂದ ಮುಸ್ಲಿಂ, ಬರೆದದ್ದು ಊರ ದೇವರ ಜಾತ್ರೆಯಲ್ಲಿ ಆಡುವ ನಾಟಕ. ಅಲಾವಿಯೂ ಅಟ್ಟವೂ ಒಂದೇ ಬಯಲಿನಲ್ಲಿದ್ದ ಈ ಕಡೆ ಅದರಲ್ಲಿ ವಿಶೇಷವೇನೂ ಕಾಣದು.

ವಿಷಯ ಬದಲಾದರೂ ರಾತ್ರಿಯ ಕಟ್ಟು ಬದಲಾಗಲಿಲ್ಲ ಎಂಬುದನ್ನು ಗಮನಿಸಬೇಕು. ಸಾಮಾಜಿಕ ನಾಟಕದಲ್ಲೂ ಮೊದಲರ್ಧ ನಗೆ, ಹಾಡು, ಗೌಡನ ದರ್ಪ, ಅಣ್ಣತಮ್ಮಂದಿರ ಒಡನಾಟ. ಎರಡನೆಯ ಅರ್ಧ ಮನೆ ಒಡೆಯುವುದು, ತಂಗಿಯ ಕಣ್ಣೀರು, ಕೊಲೆ. ದೊಡ್ಡಾಟದಿಂದ ಪಳಗಿದ ಪ್ರೇಕ್ಷಕ ಈ ಹೊಸ ನಾಟಕವನ್ನೂ ತನ್ನ ರಾತ್ರಿಯ ಅಳತೆಗೆ ಎಳೆದುಕೊಂಡ. ಎರಡೂವರೆ ಗಂಟೆಯ ಪುಸ್ತಕ ಹಳ್ಳಿಯಲ್ಲಿ ಐದಾರು ಗಂಟೆಯಾಗುವುದು ಹಾಗೆ.

ಅದಕ್ಕೆ ಆಹೇರಿಯೂ ಕಾರಣ. ಪಾತ್ರ ಮೆಚ್ಚಿದವರು, ನೆಂಟರು, ಗೆಳೆಯರು ದುಡ್ಡನ್ನೋ ಟಾವೆಲನ್ನೋ ತಂದು ಕೊಡುತ್ತಾರೆ. ಮೈಕಿನಲ್ಲಿ ಕೊಟ್ಟವರ ಹೆಸರು, ಊರು, ಮೊತ್ತ, ಯಾವ ಪಾತ್ರಕ್ಕೆ ಎಂಬುದನ್ನು ಓದುವ ತನಕ ದೃಶ್ಯ ನಿಲ್ಲಬೇಕು. ಖಳನಾಯಕ ಎತ್ತಿದ ಕತ್ತಿಯನ್ನು ಇಳಿಸಿ ನಿಲ್ಲುತ್ತಾನೆ. ಮಡಿದ ಅಣ್ಣ ನೆಲದ ಮೇಲೆ ಕಣ್ಣು ಮುಚ್ಚಿಕೊಂಡೇ ತನ್ನ ಹೆಸರಿನ ಆಹೇರಿಯನ್ನು ಕೇಳಿಸಿಕೊಳ್ಳುತ್ತಾನೆ. ಓದಿ ಮುಗಿದದ್ದೇ ತಡ, ತಂಗಿ ಬಿಟ್ಟ ಜಾಗದಿಂದಲೇ ಅಳು ಎತ್ತುತ್ತಾಳೆ, ಕೂತವರ ಕಣ್ಣೂ ಒದ್ದೆಯಾಗುತ್ತದೆ. ಹೊರಗಿನವರಿಗೆ ಇದು ರಸಭಂಗ ಅನ್ನಿಸೀತು. ನನಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲಿ ಪಾತ್ರ ಮಾಡುವವನು ಸಂಬಳಕ್ಕೆ ಬಂದವನಲ್ಲ, ಪಾತ್ರಕ್ಕೆ ಕೈಯಿಂದ ದುಡ್ಡು ಹಾಕಿ ನಿಂತ ಒಕ್ಕಲಿಗ, ಬಡಿಗ, ಹಮಾಲ. ವರ್ಷವಿಡೀ ಅವನ ಸಾಲ ಸೋಲ ನೋಡಿದ ಜನ ಅವನನ್ನು ರಾಜನಾಗಿಯೂ ನೋಡುತ್ತಾರೆ. ಎರಡನ್ನೂ ಒಂದೇ ಕಣ್ಣಿನಲ್ಲಿ ಹಿಡಿಯುವ ಪ್ರೇಕ್ಷಕನಿಗೆ ಆಹೇರಿ ಯಾವ ಅಡ್ಡಿಯೂ ಅಲ್ಲ.

ಹೆಂಗಸರ ರಾತ್ರಿಯ ಬಗ್ಗೆ ಬೇರೆಯೇ ಹೇಳಬೇಕು. ಹಗಲೇ ಮಕ್ಕಳನ್ನು ಕಳಿಸಿ ಅಟ್ಟದ ಒಂದು ಬದಿಗೆ ಕೌದಿ, ತಟ್ಟು ಹಾಸಿ ಜಾಗ ಹಿಡಿಸುತ್ತಾರೆ. ರೊಟ್ಟಿ ಬಡಿದು, ಮನೆಮಂದಿಗೆ ಉಣಿಸಿ, ಪಾತ್ರೆ ತಿಕ್ಕಿ ಬರುವ ಹೊತ್ತಿಗೆ ಪಾತ್ರಗಳ ಪರಿಚಯ ಅರ್ಧ ಮುಗಿದಿರುತ್ತದೆ. ಅವರಿಗೆ ದಕ್ಕುವುದು ಹೆಚ್ಚಾಗಿ ಎರಡನೆಯ ಭಾಗ. ಸೊಸೆಯ ಮೇಲಿನ ದಬ್ಬಾಳಿಕೆಯ ದೃಶ್ಯದಲ್ಲಿ ಆ ಬದಿಯಿಂದ ಏಳುವ ಶಾಪದ ಮಾತು ಯಾವ ವಿಮರ್ಶೆಗೂ ಕಡಿಮೆಯದಲ್ಲ. ಮನೆಯ ಕೆಲಸದಿಂದ ಬಿಡುಗಡೆಯಾಗಿ ಬರೀ ಕೂತು, ನಕ್ಕು, ಬಾಯ್ತುಂಬ ಬೈದು, ಅತ್ತು ಬರಬಹುದಾದ ಇಡೀ ರಾತ್ರಿ ಅವರಿಗೆ ವರ್ಷದಲ್ಲಿ ಬೇರೆ ಯಾವುದಿತ್ತು?

ಈ ರಾತ್ರಿಯನ್ನು ಟಿವಿ ಕೆಡಿಸಿತು, ಮೊಬೈಲ್ ಕೆಡಿಸಿತು ಎಂದು ಹೇಳುವುದು ರೂಢಿ. ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ನೀರು ಎಂದು ನನಗೆ ಕಾಣುತ್ತದೆ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಜೋಳದ ಎರೆಭೂಮಿ ಗದ್ದೆಯಾಯಿತು, ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು. ಹೊಟ್ಟೆಗೆ ಅನ್ನ ಬಂದ ಕಥೆಯಿದು, ಇದನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಎರಡನೇ ಬೆಳೆಯ ಭತ್ತ ಗದ್ದೆಯಲ್ಲಿರುವುದು ಸರಿಯಾಗಿ ಆಟದ ದಿನಗಳಲ್ಲೇ. ಹಳೆಯ ಬಿಡುವು ಹೋಯಿತು. ನೀರಿನ ಸರತಿ ರಾತ್ರಿಯೂ ಬರುತ್ತದೆ, ಪಂಪಿಗೆ ಕರೆಂಟು ಬರುವುದೂ ಎಷ್ಟೋ ಸಲ ರಾತ್ರಿಯೇ. ರಾಜನ ಪಾತ್ರದವನು ಗದ್ದೆಗೆ ನೀರು ತಿರುವಲು ಹೋದರೆ ತಾಲೀಮು ನಿಲ್ಲುತ್ತದೆ. ಕಾಲುವೆ ಮುಟ್ಟದ ಯಾದಗಿರಿ, ಗುರುಮಠಕಲ್ ಕಡೆಯವರದು ಇನ್ನೊಂದು ತೆರ: ಸುಗ್ಗಿ ಮುಗಿದದ್ದೇ ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡದ ಕೆಲಸಕ್ಕೆ ಗುಳೆ. ಒಂದು ಕಡೆ ನೀರು ಬಂದು ರಾತ್ರಿ ತುಂಡಾಯಿತು, ಇನ್ನೊಂದು ಕಡೆ ನೀರು ಬಾರದೆ ಊರೇ ಖಾಲಿಯಾಯಿತು.

ಇದೇ ಹೊತ್ತಿಗೆ ಮೈಸೂರಿನಲ್ಲಿ ಬೇರೊಂದು ಸಂಗತಿ ನಡೆಯಿತು. ಕುವೆಂಪು ಅವರ 1967ರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ರಂಗಾಯಣದಲ್ಲಿ ಅಹೋರಾತ್ರಿ ನಾಟಕವಾಯಿತು. ಕೆ.ವೈ. ನಾರಾಯಣಸ್ವಾಮಿ ರಂಗರೂಪ, ಹಂಸಲೇಖ ಸಂಗೀತ, ಸಿ. ಬಸವಲಿಂಗಯ್ಯ ನಿರ್ದೇಶನ. ಸುಮಾರು ಒಂಬತ್ತು ಗಂಟೆ, ನಾಲ್ಕು ರಂಗಸ್ಥಳ, ಪ್ರೇಕ್ಷಕರೇ ಒಂದರಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ನಗರದ ಜನ ಶಾಲು, ಟೋಪಿ, ಕಂಬಳಿ ಹಿಡಿದು ಬಂದು ಕೂತರು. ಭೈರಪ್ಪನವರ ‘ಪರ್ವ’ವನ್ನು 2021ರಲ್ಲಿ ಪ್ರಕಾಶ್ ಬೆಳವಾಡಿ ಅದೇ ರಂಗಾಯಣಕ್ಕೆ ಸುಮಾರು ಎಂಟು ಗಂಟೆಯ ಹಗಲಿನ ನಾಟಕವಾಗಿ ಕಟ್ಟಿದರು. ಪೀಟರ್ ಬ್ರೂಕ್ 1985ರಲ್ಲಿ ಫ್ರಾನ್ಸಿನ ಕಲ್ಲುಗಣಿಯೊಂದರಲ್ಲಿ ಆಡಿಸಿದ ಒಂಬತ್ತು ಗಂಟೆಯ ಮಹಾಭಾರತವನ್ನು ನೆನೆಸಿಕೊಂಡವರೂ ಇದ್ದರು. ಅಷ್ಟು ದೂರ ಹೋಗುವ ಅಗತ್ಯವಿರಲಿಲ್ಲ, ತಿಂಥಣಿಯ ತನಕ ಬಂದಿದ್ದರೆ ಸಾಕಿತ್ತು. ನಡುರಾತ್ರಿಯ ಚಳಿ, ಮೂರು ಗಂಟೆಯ ಜೊಂಪು, ಬೆಳಗಿನ ಜಾವಕ್ಕೆ ಪಾತ್ರಗಳು ನಮ್ಮ ಮನೆಯವರೇ ಆಗಿಬಿಡುವ ಆ ಸಲಿಗೆ, ಇವೆಲ್ಲ ಈ ಸೀಮೆಯವರಿಗೆ ಹಳೆಯ ಪರಿಚಯ.

ಹಾಗಿದ್ದೂ ನಾವು ಮಾಡುತ್ತಿರುವುದೇನು? ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಅಕಾಡೆಮಿ ಇದೆ, ಅದು ಒಳ್ಳೆಯದೇ. ಆದರೆ ಸರ್ಕಾರದ ಉತ್ಸವಗಳಲ್ಲಿ ದೊಡ್ಡಾಟದ ತಂಡಕ್ಕೆ ಸಿಗುವುದು ಬಹುತೇಕ ಒಂದು ಗಂಟೆ, ಕೆಲವೊಮ್ಮೆ ಅದರ ಅರ್ಧ. ಮೊದಲು ಕತ್ತರಿ ಬೀಳುವುದು ಸಾರಥಿಯ ಪ್ರಶ್ನೆಗಳಿಗೆ, ಪಾತ್ರಗಳ ಪರಿಚಯಕ್ಕೆ. ಉಳಿಯುವುದು ಕಿರೀಟ, ಕುಣಿತ, ಒಂದು ಯುದ್ಧ. ನ್ಯೂಯಾರ್ಕಿನಲ್ಲೂ ಆ ಹ್ಯಾರಿ ಪಾಟರ್ ನಾಟಕವನ್ನು 2021ರಲ್ಲಿ ಎರಡು ಭಾಗದಿಂದ ಒಂದಕ್ಕೆ ಇಳಿಸಿದರು. ಟಿಕೆಟ್ಟಿನ ಲೆಕ್ಕ ಇರುವವರು ಹಾಗೆ ಮಾಡಲಿ. ಅಟ್ಟಕ್ಕೆ ಟಿಕೆಟ್ಟೇ ಇರಲಿಲ್ಲವಲ್ಲ. ಮೊದಲ ಭಾಗ ಕಳೆದುಕೊಂಡ ದೊಡ್ಡಾಟದಲ್ಲಿ ರಾಜ ಸತ್ತರೆ ಯಾರೂ ಅಳುವುದಿಲ್ಲ, ಅವನ ಪರಿಚಯವೇ ಆಗಿರುವುದಿಲ್ಲ. ವರ್ಷಕ್ಕೆ ಒಂದೆರಡಾದರೂ ಪೂರ್ತಿ ರಾತ್ರಿಯ ಆಟಗಳಿಗೆ, ಊರಿನ ಬಯಲಿನಲ್ಲೇ, ಬಿಡುವಿನ ದಿನ ನೋಡಿ ನೆರವು ಕೊಟ್ಟರೆ ಅದು ವೇದಿಕೆಯ ಮೇಲಿನ ನೂರು ತುಣುಕುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಳ್ಳಿಯ ಹುಡುಗರಂತೂ ಯಾರಿಗೂ ಕಾದಿಲ್ಲ. ಗುಳೆ ಹೋದವರು ಜಾತ್ರೆಗೆ ಬರುವ ನಾಲ್ಕು ದಿನಗಳನ್ನೇ ನೋಡಿ ನಾಟಕ ಇಟ್ಟುಕೊಳ್ಳುತ್ತಾರೆ, ಮಾತುಗಳನ್ನು ಫೋನಿನಲ್ಲೇ ಕಲಿತು ಬರುವವರೂ ಇದ್ದಾರೆ. ಆಡಿದ ನಾಟಕವನ್ನು ಕ್ಯಾಮೆರಾ ಇಟ್ಟು ಪೂರ್ತಿ ಹಿಡಿದು ಯೂಟ್ಯೂಬಿಗೆ ಹಾಕುತ್ತಾರೆ, ಆಹೇರಿ ಓದುವುದನ್ನೂ ಬಿಡದೆ. ಒಂದೇ ವಿಡಿಯೊದಲ್ಲಿ ಹಿಡಿಸದ್ದರಿಂದ ಭಾಗ 1, ಭಾಗ 2 ಎಂದು ಹೆಸರಿಡುತ್ತಾರೆ. ಬರಲಾಗದೆ ಉಳಿದವರು ಪುಣೆಯ ಕಟ್ಟಡದ ತಗಡಿನ ಶೆಡ್ಡಿನಲ್ಲಿ ಕೆಲಸ ಮುಗಿಸಿ ಒಂದೇ ಫೋನಿಗೆ ನಾಲ್ಕು ತಲೆ ಕೂಡಿಸಿ ನೋಡುತ್ತಾರೆ. ಬೆಳಿಗ್ಗೆ ಆರಕ್ಕೆ ಮತ್ತೆ ಕೆಲಸಕ್ಕೆ ಹೋಗಬೇಕು, ಆದ್ದರಿಂದ ಭಾಗ 2 ಮರುದಿನ ರಾತ್ರಿಗೆ.