ಟವೆಲ್ ಡ್ರಾಯರಿಗೆ ಉಗಿ, ಗಾಳಿ ಪೈಪು ಕೂಡಿಸುವುದು ಹೇಗೆ?

ಸೊಲ್ಲಾಪುರ: ಇಲ್ಲಿನ ಚಾದರಕ್ಕೂ ಟವೆಲಿಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆದರೆ ಟವೆಲ್ ಮೆತ್ತಗಾಗಲು ಮಗ್ಗ ಒಂದೇ ಸಾಲದು. ತೊಳೆದ ಟವೆಲ್ ಡ್ರಾಯರಿನ ಡ್ರಮ್ಮಿನಲ್ಲಿ ಬಿಸಿಗಾಳಿಗೆ ಹೊರಳಾಡಿದಾಗಲೇ ಅದರ ಎಳೆಗಳು ಎದ್ದು ನಿಲ್ಲುತ್ತವೆ. ದೊಡ್ಡ ಹೋಟೆಲು, ಆಸ್ಪತ್ರೆಗಳ ಲಾಂಡ್ರಿಗಳಲ್ಲೂ ಇಂಥದೇ ಯಂತ್ರ. ಇಂಥ ಕಡೆ ದುಡಿಯುವ ನಮ್ಮ ಹುಡುಗರಿಗೆ ಅದರ ಪೈಪುಗಳ ಪರಿಚಯ ಇರಬೇಕು.

ಉಗಿಯ ದಾರಿ

ಉಗಿ ಬಟ್ಟೆಯನ್ನು ಮುಟ್ಟುವುದಿಲ್ಲ. ಅದು ಕಾಯಿಲ್ ಒಳಗೆ ಹರಿಯುತ್ತದೆ. ಫ್ಯಾನು ಎಳೆಯುವ ಗಾಳಿ ಆ ಕಾಯಿಲ್ ದಾಟಿ ಬಿಸಿಯಾಗಿ ಡ್ರಮ್ಮಿಗೆ ಹೋಗುತ್ತದೆ. 7 ಕೆ.ಜಿ. ಒತ್ತಡದ ಉಗಿಯ ಶಾಖ ಸುಮಾರು 170 ಡಿಗ್ರಿ ಸೆಲ್ಸಿಯಸ್. ಶಾಖ ಕೊಟ್ಟ ಉಗಿ ನೀರಾಗುತ್ತದೆ. ಆ ನೀರನ್ನು ಹೊರಗೆ ಹಾಕುವುದೇ ಫಿಟ್ಟರನ ನಿಜವಾದ ಕೆಲಸ.

ಮುಖ್ಯ ಪೈಪಿನ ತಳದಲ್ಲಿ ನೀರು ಹರಿಯುವುದರಿಂದ ಡ್ರಾಯರಿನ ಕವಲನ್ನು ಅದರ ಮೇಲ್ಭಾಗದಿಂದಲೇ ತೆಗೆಯಬೇಕು. ಉಗಿ ಸಾಗುವ ದಿಕ್ಕಿಗೆ ಪೈಪು ಸ್ವಲ್ಪ ಇಳಿಜಾರಾಗಿರಲಿ. ಯಂತ್ರಕ್ಕೆ ಮುಂಚೆ ವಾಲ್ವ್, ಕಸ ಹಿಡಿಯುವ ಸ್ಟ್ರೇನರ್, ಬಳಿಕ ಬಾಗುವ ಲೋಹದ ಹೋಸ್ ಬೇಕು. ಹೋಸ್ ಇಲ್ಲದಿದ್ದರೆ ಯಂತ್ರದ ಅದುರುವಿಕೆ, ಪೈಪಿನ ಹಿಗ್ಗುವಿಕೆ ಎರಡೂ ಕಾಯಿಲ್ ಮೇಲೆ ಬಿದ್ದು ಬೆಸುಗೆ ಬಿಡುತ್ತದೆ.

ಹೊರಹೋಗುವ ಕಡೆ ಸ್ಟೀಮ್ ಟ್ರ್ಯಾಪ್ ಇರುತ್ತದೆ. ನೀರನ್ನು ಬಿಟ್ಟು ಉಗಿಯನ್ನು ತಡೆಯುವ ಕಾವಲುಗಾರ ಅದು. ಅದು ಕಾಯಿಲ್‌ಗಿಂತ ಕೆಳಗಿರಬೇಕು. ಅದರಾಚೆಗೆ ನೀರು ಹಿಂದೆ ಬಾರದಂತೆ ಚೆಕ್ ವಾಲ್ವ್. ಖರ್ಚು ಉಳಿಸಲೆಂದು ಎರಡು ಡ್ರಾಯರಿಗೆ ಒಂದೇ ಟ್ರ್ಯಾಪ್ ಹಾಕಬಾರದು. ಒಂದರ ಒತ್ತಡ ಇನ್ನೊಂದರ ನೀರನ್ನು ತಡೆದು ಅದು ಕಾಯುವುದೇ ಇಲ್ಲ.

ನಿಂತ ನೀರಿಗೆ ವೇಗದ ಉಗಿ ಬಡಿದರೆ ಪೈಪಿನಲ್ಲಿ ಸುತ್ತಿಗೆ ಹೊಡೆದಂಥ ಸದ್ದು ಬರುತ್ತದೆ. ಆ ಏಟಿಗೆ ವಾಲ್ವ್ ಒಡೆದು ಮೈ ಸುಟ್ಟೀತು. ಬೆಳಿಗ್ಗೆ ಮೊದಲ ವಾಲ್ವನ್ನು ನಿಧಾನವಾಗಿ ತೆರೆಯಿರಿ.

ಗಾಳಿ ಯಾಕೆ?

ಕಂಪ್ರೆಸರ್ ಗಾಳಿ ಡ್ಯಾಂಪರ್ ಎಂಬ ಬಾಗಿಲನ್ನು ತಿರುಗಿಸಲು. ಬಟ್ಟೆ ಒಣಗುವಾಗ ಈ ಬಾಗಿಲು ಗಾಳಿಯನ್ನು ಕಾಯಿಲ್ ಮೂಲಕ ಬಿಡುತ್ತದೆ. ಒಣಗಿದ ಮೇಲೆ ತಣ್ಣನೆ ಗಾಳಿಯನ್ನು ನೇರ ಡ್ರಮ್ಮಿಗೆ ಬಿಡುತ್ತದೆ. ಸಾಮಾನ್ಯವಾಗಿ 80ರಿಂದ 100 ಪಿಎಸ್‌ಐ ಒತ್ತಡ ಸಾಕು. ಯಂತ್ರದ ಕೈಪಿಡಿಯಲ್ಲಿದ್ದುದೇ ಅಂತಿಮ. ಫಿಲ್ಟರ್, ರೆಗ್ಯುಲೇಟರ್ ಕಡ್ಡಾಯ. ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಾಲೂ ಬಸಿಯಬೇಕು, ಇಲ್ಲವಾದರೆ ಸಿಲಿಂಡರ್ ತುಕ್ಕು ಹಿಡಿದು ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ.

ಈ ತಣಿಸುವ ಹಂತ ಚಿಕ್ಕದಲ್ಲ. ಬಿಸಿ ಟವೆಲುಗಳನ್ನು ರಾಶಿ ಹಾಕಿದರೆ ಒಳಗೇ ಕಾವು ಕೂಡಿ, ಎಣ್ಣೆ ಜಿಡ್ಡಿದ್ದರೆ ತಾನಾಗಿ ಬೆಂಕಿ ಹತ್ತಬಹುದು. ಜಾಳಿಯಲ್ಲಿ ಸೇರುವ ಹತ್ತಿ ದೂಳನ್ನೂ ಆಗಾಗ ತೆಗೆಯಬೇಕು. 2025ರ ಮೇ 18ರಂದು ಇಲ್ಲಿನ ಅಕ್ಕಲಕೋಟೆ ರಸ್ತೆ ಎಂಐಡಿಸಿಯ ಟವೆಲ್ ಕಾರ್ಖಾನೆಯೊಂದರ ಬೆಂಕಿಯಲ್ಲಿ ಎಂಟು ಮಂದಿ ತೀರಿಕೊಂಡರು. ಹತ್ತಿ ಇರುವಲ್ಲಿ ಬೆಂಕಿ ಏನು ಮಾಡಬಲ್ಲದೆಂದು ಊರಿಗೆ ಗೊತ್ತು.

ಕಾಯ್ದೆ

1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಬಾಯ್ಲರ್ ಜತೆಗೆ ಹೆಚ್ಚು ಒತ್ತಡದ ಉಗಿ ಪೈಪೂ ಕಾಯ್ದೆಯೊಳಗೆ ಬರುತ್ತದೆ. ಆದ್ದರಿಂದ ಪ್ರಮಾಣಪತ್ರವಿರುವ ಪೈಪು, ಪರವಾನಗಿ ಇರುವ ಬೆಸುಗೆಗಾರ ಬೇಕೇ ಬೇಕು. ನೀರಿನ ನಲ್ಲಿ ಕೂಡಿಸುವವರ ಕೈಗೆ ಈ ಕೆಲಸ ಕೊಡಬೇಡಿ. ಕೆಲಸಗಾರರೂ ಅಷ್ಟೆ: ಪೈಪು ಬಡಿದ ಸದ್ದು ಕೇಳಿದರೆ, ಜೋಡಣೆಯಲ್ಲಿ ಉಗಿ ಕಂಡರೆ, ಕೈ ಹಾಕದೆ ದೂರ ಸರಿದು ಬಾಯ್ಲರ್ ನೋಡಿಕೊಳ್ಳುವವರಿಗೆ ತಿಳಿಸಿ.